ಇಪ್ಪತ್ತೆರಡು ಪಿನ್ನು

ಅರೆಕೆರೆಯಲ್ಲಿ ಮೇನ್ ರೋಡ್ ಬಿಟ್ಟು ಒಳಗೆ ಹೋದರೆ ಒಂದು ಆಲದಮರ, ಅದರ ಬುಡದಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ. ನನ್ನ ಚಿಕ್ಕಪ್ಪನ ಮಗಳು ಸ್ಪಂದನಾ ದಿನಾ ಅಲ್ಲಿಂದಲೇ ಮನೆಗೆ ಹೋಗೋದು. ಅವತ್ತು ರಾತ್ರಿ ಹನ್ನೊಂದಾಗಿತ್ತು... ಮಾಡಬಾರದ ಕೆಲಸ ಒಂದು ಮಾಡಿ ಬಂದಿದ್ದಳು.

ಜೆ.ಪಿ. ನಗರದ ಒಂದು ಆಸ್ಪತ್ರೆಯಲ್ಲಿ ಅವಳು ರೋಗಿಗಳ ದಾಖಲೆ ನೋಡಿಕೊಳ್ಳುತ್ತಿದ್ದಳು. ಕಾಲು ಮುರಿದು ಆಪರೇಷನ್ ಆದವರು ನಲವತ್ತು ಜನ. ಯಾರು ನಡೆದರು, ಯಾರು ಉಳಿಯಲಿಲ್ಲ ಅಂತ ಅವಳು ಬರೆಯಬೇಕು. ಆಪರೇಷನ್ ಮಾಡಿದ ಡಾಕ್ಟರ್ ಕೈಲಾಸ್ ಅದನ್ನು ಪೇಪರ್ ಮಾಡಿ ವೈದ್ಯಕೀಯ ಜರ್ನಲ್‌ಗೆ ಕಳಿಸಬೇಕು. ಮೂವತ್ತೊಂಬತ್ತು ಜನ ನಡೆದಿದ್ದರು.

ನಲವತ್ತನೆಯವನು ಸುಬ್ರಹ್ಮಣ್ಯಪುರದ ಬಸವಂತ. ಎಡಗಾಲಿನ ಗಾಯಕ್ಕೆ ಹೊಲಿಗೆ ಬದಲು ಸ್ಟೇಪ್ಲರಲ್ಲಿ ಇಪ್ಪತ್ತೆರಡು ಸ್ಟೀಲ್ ಪಿನ್ ಹೊಡೆದು ಮನೆಗೆ ಕಳಿಸಿದ್ದರು. ಹದಿನಾಲ್ಕನೇ ದಿನ ಬಂದು ತೆಗೆಸಬೇಕಿತ್ತು. ಹನ್ನೆರಡನೇ ದಿನ ಕೀವಾಗಿ, ನಂಜೇರಿ ಮನೆಯಲ್ಲೇ ಸತ್ತ.

"ಜ್ವರ ಅಂತ ಮೂರು ಸಲ ಫೋನ್ ಮಾಡಿದ್ವಿ," ಸ್ಪಂದನಾ ವಿಚಾರಿಸಿದಾಗ ಅಂದಿದ್ದಳು ಅವನ ಹೆಂಡತಿ. "ಹದಿನಾಲ್ಕನೇ ದಿನಕ್ಕೇ ಬನ್ನಿ ಅಂದ್ರು."

ಸ್ಪಂದನಾ ಡಾಕ್ಟರಿಗೆ ಹೇಳಿದಳು.

"ಫಾಲೋಅಪ್‌ಗೆ ಬರಲಿಲ್ಲ ಅಂತ ಹಾಕಮ್ಮ."

"ಸತ್ತಿದಾರೆ ಸಾರ್."

"ಸತ್ತೋನು ಬರ್ತಾನಾ? ಬರಲಿಲ್ಲ ತಾನೆ? ಸುಳ್ಳೇನಿದೆ ಇದ್ರಲ್ಲಿ? ಪೇಪರಲ್ಲಿ ನಿನ್ನ ಹೆಸರು ಬೇಕೋ, ಬೇಡ್ವೋ?"

ಬೇಕಿತ್ತು. ಹಾಕಿದಳು.

ಅವತ್ತು ರಾತ್ರಿ ಬಾವಿ ದಾಟುವಾಗ ಹಿಂದೆ ಸದ್ದು. ಸರಕ್... ಟಿಣ್. ಸರಕ್... ಟಿಣ್. ಯಾರೋ ಕಾಲೆಳೆಯೋದು. ಪ್ರತಿ ಹೆಜ್ಜೆಗೂ ಸಣ್ಣದೊಂದು ಲೋಹ ಕಲ್ಲಿನ ಮೇಲೆ ಬೀಳೋದು.

ಅವಳು ತಿರುಗಲಿಲ್ಲ. ಸ್ಪಿರಿಟ್ ವಾಸನೆ ಬಂತು... ಅದರಡಿ ಕೀವಿನ ವಾಸನೆ.

"ಮೇಡಂ..." ಕಿವಿ ಪಕ್ಕದಲ್ಲೇ. "ಬಂದಿದೀನಿ."

ಅವಳು ಬ್ಯಾಗನ್ನು ಎದೆಗವುಚಿಕೊಂಡಳು.

"ಬರಲಿಲ್ಲ ಅಂತ ಹಾಕಿದೀರಂತೆ."

"ಬೆಳಿಗ್ಗೆ... ಬೆಳಿಗ್ಗೆ ಸರಿ ಮಾಡ್ತೀನಿ ಅಣ್ಣ."

ಜಾಲರಿ ಮೇಲೆ ಟಿಣ್... ಟಿಣ್... ಟಿಣ್. ಅವಳು ಓಡಿದಳು.

ಬೆಳಿಗ್ಗೆ ಅವಳ ಬ್ಯಾಗಿನ ತಳದಲ್ಲಿ ಪಿನ್ನುಗಳಿದ್ದವು. ಬಾಗಿದ್ದವು, ರಕ್ತ ಒಣಗಿತ್ತು. ಎರಡು ಸಲ ಎಣಿಸಿದಳು. ಇಪ್ಪತ್ತೊಂದು.

ಎಂಟಕ್ಕೇ ಆಸ್ಪತ್ರೆಗೆ ಹೋಗಿ 'ಮರಣ' ಅಂತ ತಿದ್ದಿದಳು. ಸಂಜೆಗೆ ಡಾಕ್ಟರ್ ಕರೆಸಿದರು.

"ಯಾರಮ್ಮ ಹೇಳಿದ್ದು ತಿದ್ದು ಅಂತ?"

"ಅವರೇ ಬಂದಿದ್ರು ಸಾರ್."

"ಓ... ನಡ್ಕೊಂಡು ಬಂದ್ನಾ? ಹಾಗಿದ್ರೆ ನನ್ನ ಆಪರೇಷನ್ ಸಕ್ಸಸ್ಸೇ!" ನಕ್ಕರು. 'ಬರಲಿಲ್ಲ' ಅಂತ ತಾವೇ ಮತ್ತೆ ಹಾಕಿದರು. "ನೀನು ನಾಳೆಯಿಂದ ಬರ್ಬೇಡ."

ಪೇಪರ್ ಅಚ್ಚಾಯಿತು. ಸಾವು, ಸೊನ್ನೆ. ಅದರಲ್ಲಿ ಸ್ಪಂದನಾ ಹೆಸರಿಲ್ಲ.

ಡಾಕ್ಟರ್ ಈಗ ಎಡಗಾಲು ಎಳೆದುಕೊಂಡು ನಡೀತಾರೆ. ಎಕ್ಸ್‌ರೇ ರೂಮಿನ ಅಂಜನಾ ಅವರ ಕಾಲಿನ ಫಿಲ್ಮ್ ತೋರಿಸಿದಳು, ನಾನೇ ಬೆಳಕಿಗೆ ಹಿಡಿದು ನೋಡಿದೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮೊಣಕಾಲಿನ ಕೆಳಗೆ, ಮಾಂಸದೊಳಗೆ, ಒಂದೇ ಒಂದು ಪಿನ್ನು. ಚರ್ಮದ ಮೇಲೆ ಒಂದು ಗೀರೂ ಇಲ್ಲವಂತೆ.