ವಾಸಿಯಾದ ಮಂಡಿ

ಬಸ್ಸಿಗೆ ಕಾಯುತ್ತಿದ್ದ ದರ್ಜಿಯ ಕಣ್ಣು ಪೇಪರಿನ ಮೇಲಿದ್ದರೂ ಕಿವಿಯೆಲ್ಲ ಪಕ್ಕದ ಬೆಂಚಿನ ಇಬ್ಬರು ಹೆಂಗಸರ ಮೇಲಿತ್ತು.

“ಅಕ್ಕಾ, ಪ್ರತಿ ಭಾನುವಾರ ಚರ್ಚಿನಲ್ಲಿ ನಿಮ್ಮ ಮಂಡಿಗೆ ಪ್ರಾರ್ಥನೆ ಮಾಡ್ತಾನೇ ಇದೀವಿ. ಇನ್ನೂ ನೋವಾ?”

“ಅಲ್ಪಸ್ವಲ್ಪ ಇದೆ ಕಣೇ.”

“ಮೊನ್ನೆ ಬಸ್ ಹಿಂದೆ ಓಡಿದ್ರಂತೆ.”

ಹಿರಿಯಾಕೆ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. “ವಾಸಿಯಾಗಿ ಎರಡು ತಿಂಗಳಾಯ್ತು. ಹೇಳಿದ್ರೆ ಪ್ರಾರ್ಥನೆ ಪಟ್ಟಿಯಿಂದ ನನ್ನ ಹೆಸರು ತೆಗೀತಿದ್ರಿ. ಆಮೇಲೆ ಬುಧವಾರ ಪ್ರಾರ್ಥನೆಗೆ ಅಂತ ನಮ್ಮನೆಗೆ ಯಾರು ಬರ್ತಿದ್ರು?”

“ನಮಗೆಲ್ಲ ಆಗಲೇ ಗೊತ್ತಿತ್ತು. ಪಾದ್ರಿಗಳಿಗೂ.”

“ಗೊತ್ತಿದ್ದೂ ಬರ್ತಿದ್ರಾ? ಬಂದು ದೇವರ ಹತ್ರ ಏನು ಕೇಳ್ತಿದ್ರಿ?”

“ಅಕ್ಕ ಟೀಗೆ ಸ್ವಲ್ಪ ಸಕ್ಕರೆ ಹಾಕಲಿ ಅಂತ.”

ಬಸ್ ಬಂತು. ಹಿರಿಯಾಕೆ ಎರಡೇ ಹೆಜ್ಜೆಗೆ ಹತ್ತಿ, ಕಿಟಕಿಯಿಂದ ಕೂಗಿದಳು:

“ಬುಧವಾರ ಎಲ್ಲರೂ ಬನ್ನಿ. ನಿಮ್ಮ ಪ್ರಾರ್ಥನೆ ದೇವರಿಗೆ ಕೇಳಿಸಿದೆ.”