ಎರಡು ಪಿನ್ ಆಚೆಗೆ

ಮೇಜು ತಟ್ಟಬೇಡಿ ಅಮ್ಮಾ... ಬಾಯಲ್ಲೇ ಕರೀರಿ, ನಂಗೆ ಕಿವಿ ಚೆನ್ನಾಗಿ ಕೇಳ್ಸುತ್ತೆ. ಅಯ್ಯೋ, ತಪ್ಪೇನಿಲ್ಲ ಬಿಡಿ, ಹೆದರ್ಕೋಬೇಡಿ! ಏನೋ, ಈಚೆಗೆ ಯಾರಾದ್ರೂ ಹಿಂದಿನಿಂದ ಮೇಜು ತಟ್ಟಿದ್ರೆ ಎದೆ ಧಸಕ್ ಅನ್ನುತ್ತೆ. ವಯಸ್ಸಾಯ್ತಲ್ಲ. ಹಾಂ, ಏನಂತಿದ್ದೆ... ಬಿಚ್ಚಿ ನೋಡದೆ ಏನೂ ಹೇಳಕ್ಕಾಗಲ್ಲ ಅಂತಿದ್ದೆ. ಕೂತ್ಕೊಳ್ಳಿ. ಆ ಸ್ಟೂಲ್ ಬೇಡ, ಈ ಕುರ್ಚಿಗೆ ಬನ್ನಿ. ಸ್ಟೂಲ್ ಮೇಲೆ ಯಾರನ್ನೂ ಕೂರಿಸಲ್ಲ ನಾನು... ಕಾಲು ಅಲ್ಲಾಡುತ್ತೆ, ಅದಕ್ಕೆ. ಸರಿ, ನಿಮ್ಮಿಷ್ಟ. ಅಲ್ಲೇ ಕೂತ್ಕೊಳ್ಳಿ.

ಅಬ್ಬಾ, ಏನು ಭಾರ! ಇಪ್ಪತ್ತು ವರ್ಷದ ಹಿಂದಿನ ಲ್ಯಾಪ್‌ಟಾಪು ಇದು. ಈಗಿನವು ಕಾಗದದ ಹಾಗಿರ್ತವೆ, ಗಟ್ಟಿಯಾಗಿ ಉಸಿರು ಬಿಟ್ರೆ ಹಾರ್ಕೊಂಡು ಹೋಗ್ತವೆ. ಇದು ನೋಡಿ, ಕಪ್ಪು ಇಟ್ಟಿಗೆ. ಮುಚ್ಚಳದ ಕೀಲು ಇನ್ನೂ ಬಿಗಿಯಾಗಿದೆ! ನಂಗೆ ಇಂಥವೇ ಇಷ್ಟ. ಇಪ್ಪತ್ತಾರು ವರ್ಷದಿಂದ ಇಂಥವನ್ನೇ ಬಿಚ್ಚಿ ಬಿಚ್ಚಿ ಜೋಡಿಸ್ತಾ ಇದ್ದೀನಿ. ಬೇರೆಯವರೆಲ್ಲ ಗುಜರಿಗೆ ಹಾಕಿ ಅಂತಾರೆ, ನಾನು ಅನ್ನಲ್ಲ.

ಯಜಮಾನ್ರದ್ದಾ? ಹೂಂ... ಎಷ್ಟು ದಿನ ಆಯ್ತು? ನಾಲ್ಕು ತಿಂಗಳಾ. ಪಾಪ. ಬಸ್ ನಿಲ್ದಾಣದ ಮೈಕಿನವರು... ಗೊತ್ತಿಲ್ದೆ ಏನು! ಊರಿಗೆಲ್ಲ ಗೊತ್ತಿದ್ದ ಗಂಟಲು ಅದು. ಪ್ರಯಾಣಿಕರ ಗಮನಕ್ಕೆ ಅಂತ ಅವರು ಬಾಯಿ ತೆಗೆದ್ರೆ ಬೆಂಚಿನ ಕೆಳಗೆ ಮಲಗಿದ್ದ ನಾಯಿನೂ ಎದ್ದು ಕೂರ್ತಿತ್ತು. ಅಂಥವರಿಗೆ ಗಂಟಲಲ್ಲೇ ಗಡ್ಡೆ ಬಂದು, ಧ್ವನಿಪೆಟ್ಟಿಗೆನೇ ತೆಗೆದು... ಕೇಳಿದ್ದೆ, ಕೇಳಿದ್ದೆ. ಯಾರೋ ಹೇಳಿದ್ರು. ಆಪರೇಷನ್ನಿಗೆ ಮುಂಚೆ ಒಂಬತ್ತು ದಿನ ಕೂತು ಇದರೊಳಗೆ ಮಾತಾಡಿಟ್ಟಿದ್ರು, ಅಲ್ವಾ? ನಿಮ್ಮನ್ನ ಹೆಸರು ಹಿಡಿದು ಕರೆಯೋದು, ಪೇಪರ್ ಓದೋದು, ಕನ್ನಡಕ ಎಲ್ಲಿಟ್ಟೆ ಅಂತ ರೇಗೋದು... ಬೇರೆಲ್ಲೂ ನಕಲಿಲ್ಲ. ಇರೋದು ಇದೊಂದರಲ್ಲೇ.

ಏನು? ಹಾಗ್ಯಾಕೆ ನೋಡ್ತೀರಿ? ನೀವೇ ತಾನೇ ಹೇಳಿದ್ದು ಈಗ... ಹೇಳ್ಲಿಲ್ವಾ? ಇರಬಹುದು. ಇಂಥ ಹಳೇ ಮಷೀನ್ ತರೋರು ಎಲ್ಲರೂ ಇಂಥದೇ ಏನೋ ಹೇಳ್ತಾರೆ, ನಂಗೆ ಒಬ್ಬರದ್ದು ಇನ್ನೊಬ್ಬರಿಗೆ ಕಲಸ್ಕೊಂಡು ಹೋಗುತ್ತೆ.

ಕೆಲಸ ನೋಡೋಣ. ಅಡಾಪ್ಟರ್ ಹಾಕಿದೆ, ದೀಪ ಬಂತು. ಒತ್ತಿದೆ... ಕೇಳಿದ್ರಾ? ಒಂದು ಉದ್ದ ಪೀಪ್, ಎರಡು ಚಿಕ್ಕದು. ಪರದೆ ಕಪ್ಪು. ಮೆಮೊರಿ ಪಟ್ಟಿ ಸರಿಯಾಗಿ ಕೂತಿಲ್ಲ ಅಂತ ಅರ್ಥ, ಪಾಪ ಅದಕ್ಕೆ ಗೊತ್ತಿರೋ ಭಾಷೆಯಲ್ಲಿ ಅದು ಹೇಳ್ತಿದೆ. ಹಿಂದಿನ ಮುಚ್ಚಳ ತೆಗೀಬೇಕು. ಮೂರು ಸ್ಕ್ರೂ ತೆಗೆದ್ರೆ ಸಾಕು, ನಾಲ್ಕನೇದು ಬಿದ್ದುಹೋಗಿದೆ...

ಹೌದು. ಇನ್ನೂ ತಿರುಗಿಸಿ ನೋಡಿಲ್ಲ ನಾನು. ಹೌದು... ಈ ಮಾದರಿಯಲ್ಲಿ ಆ ನಾಲ್ಕನೇ ಸ್ಕ್ರೂ ಎಲ್ಲರದ್ದೂ ಬಿದ್ದುಹೋಗಿರುತ್ತೆ ಅಮ್ಮಾ! ಇಪ್ಪತ್ತಾರು ವರ್ಷ ಅಂದೆನಲ್ಲ!

ಇದೋ ಪಟ್ಟಿ. ಈ ಹೊಂಬಣ್ಣದ ಅಂಚು ನೋಡಿ, ಕಿಲುಬು ಹಿಡಿದಿದೆ. ಇದಕ್ಕೆ ಔಷಧಿ ಏನು ಗೊತ್ತಾ? ಶಾಲೆ ಮಕ್ಕಳ ರಬ್ಬರು. ತಮಾಷೆ ಅಲ್ಲ! ಹೀಗೆ ಉಜ್ಜೋದು... ಊದೋದು... ಕೂರ್ಸೋದು. ಒತ್ತೋದು... ಬಂತು! ನೋಡಿದ್ರಾ, ಪರದೆ ಬಂತು! ಐದು ನಿಮಿಷದ ಕೆಲಸ. ಆವತ್ತೂ ಇಷ್ಟೇ ಇತ್ತು, ಐದೇ ನಿಮಿಷ...

ಯಾಕೆ ನಗ್ತೀರಾ? ...ನಗು ಅಲ್ವಾ ಅದು.

ಏನದು ಬ್ಯಾಗಿಂದ ತೆಗೆದ್ರಿ? ಚೀಟಿ. ಕೊಡಿ ಇಲ್ಲಿ... "ಡಿಸ್ಕ್ ಸತ್ತಿದೆ. ಕಾರಣ ತೇವ." ಹೂಂ. ನನ್ನ ಕೈಬರಹ. ಕೆಳಗೆ ಅಂಗಡಿ ಮೊಹರು ಬೇರೆ. ಎಲ್ಲಿತ್ತು ಇದು? ಅವರ ಸ್ಲೇಟಿನ ಚೌಕಟ್ಟಿಗೆ ಸಿಕ್ಕಿಸಿಟ್ಟಿದ್ರಾ?

ಸರಿ. ಬಂದಿದ್ರು ಅಮ್ಮಾ. ಯಾಕೆ ಸುಳ್ಳು ಹೇಳ್ಲಿ. ಹೋದ ವರ್ಷ ಬಂದಿದ್ರು, ನೀವು ಕೂತಿರೋ ಸ್ಟೂಲ್ ಮೇಲೇ ಕೂತಿದ್ರು. ಕುತ್ತಿಗೆಗೆ ಬಿಳಿ ಬಟ್ಟೆ, ತೊಡೆ ಮೇಲೆ ಸ್ಲೇಟು. ದಿನಾ ನೂರು ಜನ ಬಂದು ಹೋಗ್ತಾರೆ, ತಕ್ಷಣ ನೆನಪಾಗ್ಲಿಲ್ಲ ಅಷ್ಟೆ. ಚೀಟಿಯಲ್ಲಿ ಬರೆದಿದ್ದೀನಲ್ಲ, ತೇವ. ಎಲ್ಲಿಟ್ಟಿದ್ರಿ ಅಂತ ಕೇಳಿದೆ. ಬಚ್ಚಲ ಪಕ್ಕದ ಕಪಾಟು ಅಂತ ಬರೆದು ತೋರಿಸಿದ್ರು. ಬಚ್ಚಲ ಪಕ್ಕ ಇಟ್ರೆ ಇನ್ನೇನಾಗುತ್ತೆ? ಹಾಳು ಮಾಡ್ಕೊಂಡ್ರಲ್ಲ ಸ್ವಾಮಿ ನೀವೇ ಕೈಯಾರೆ ಅಂದೆ. ತಲೆ ಬಗ್ಗಿಸ್ಕೊಂಡು ಹೋದ್ರು.

ಅಳಬೇಡಿ. ನೀರು ಕೊಡ್ಲಾ? ...ನೀವು ಬೈದಿದ್ರಾ ಅವರನ್ನ? ತೇವದಲ್ಲಿ ಇಟ್ಟಿದ್ದಕ್ಕಾ? ಎಷ್ಟು ದಿನ? ...ಕೊನೇ ತನಕಾನಾ ಅಮ್ಮಾ?

ಡಿಸ್ಕ್ ಮುಟ್ಟಬೇಡಿ! ಅಂದ್ರೆ... ನೋಡಿ, ಬೇಕಾದ್ರೆ ನೋಡಿ, ನಿಮ್ಮದೇ ವಸ್ತು. ಅದಾ? ಹಸಿರು ಬೋರ್ಡಿನ ಮೇಲಿನ ಕಪ್ಪು ಚುಕ್ಕೆ? ಅದೇ ತೇವ... ತೇವಕ್ಕೆ ಹಾಗಾಗುತ್ತೆ ಒಂದೊಂದ್ಸಲ. ಮೂಸಬೇಡಿ ಅಮ್ಮಾ... ದಯವಿಟ್ಟು. ವಾಸನೆ ಇನ್ನೂ ಇದೆಯಾ? ವರ್ಷ ಆದ್ರೂ ಹೋಗಿಲ್ವಾ ಅದು?

ತೇವಕ್ಕೆ ಸುಟ್ಟ ವಾಸನೆ ಬರಲ್ಲ. ನಿಮಗೂ ಗೊತ್ತು.

ಏನಾದ್ರೂ ಅನ್ನಿ. ಹಾಗೆ ಡಿಸ್ಕ್ ಹಿಡ್ಕೊಂಡು ಕೂತ್ರೆ ನಾನೇನು ಮಾಡ್ಲಿ? ...ನಂಗೊಂದು ನೇಮ ಇದೆ ಅಮ್ಮಾ. ಮಷೀನ್ ಮುಟ್ಟೋ ಮುಂಚೆ ಡಿಸ್ಕ್ ಹೊರಗೆ ತೆಗೆದು ನಕಲು ಮಾಡ್ಬೇಕು. ಮೊದಲು ಒಳಗಿನ ಜೀವ ಉಳಿಸು, ಆಮೇಲೆ ಮೈ ರಿಪೇರಿ ಮಾಡು ಅಂತ ಎಲ್ಲರಿಗೂ ಪಾಠ ಹೇಳ್ತೀನಿ. ಆವತ್ತೂ ಹಾಗೇ ತೆಗೆದೆ. ರಬ್ಬರಿನಲ್ಲಿ ಉಜ್ಜಿದ್ರೆ ಮುಗಿಯೋ ಕೆಲಸಕ್ಕೆ, ಡಿಸ್ಕ್ ತೆಗೆದೆ. ಇಲ್ನೋಡಿ, ಇದರ ಬಾಯಲ್ಲಿ ಎರಡು ಸಾಲು ಪಿನ್. ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟು ಇನ್ನೂ ನಾಲ್ಕು ಪಿನ್, ಅವು ಬೇರೆ. ನಕಲು ಮಾಡೋ ಈ ಕೇಬಲ್ಲಿಗೆ ತಡೆಗೋಡೆ ಇಲ್ಲ, ಹೇಗೆ ಒತ್ತಿದ್ರೂ ಕೂರುತ್ತೆ. ಒಂದು ಮನೆ ಪಕ್ಕಕ್ಕೆ ಸರಿದ್ರೂ ಕೂರುತ್ತೆ. ಸರಿದ್ರೆ ಈ ತುದಿಯಲ್ಲಿ ಎರಡು ಪಿನ್ ಹೊರಗೆ ಉಳೀತವೆ, ಕರೆಂಟು ಹೋಗಬಾರದ ಕಡೆ ಹೋಗುತ್ತೆ. ಕೆಲಸ ಕಲಿಯೋರು ಮಾಡೋ ತಪ್ಪು. ಎಷ್ಟು ಜನಕ್ಕೆ ಇದಕ್ಕಾಗಿ ನಾನೇ ಬೈದಿದ್ದೀನಿ!

ಫೋನಿನಲ್ಲಿ ಮಾತಾಡ್ತಾ ಇದ್ದೆ. ಕಣ್ಣುಮುಚ್ಚಿ ಮಾಡೋ ಕೆಲಸ ಅಂತ, ನೋಡದೇ ಒತ್ತಿದೆ.

ಅವರು ನೋಡಿದ್ರು.

ಮೇಜು ತಟ್ಟಿದ್ರು ಅಮ್ಮಾ. ಎರಡು ಸಲ. ನಾನು ತಿರುಗಲಿಲ್ಲ. ಮತ್ತೆ ತಟ್ಟಿದ್ರು, ಜೋರಾಗಿ. ನಾನು... ನಾನು ಏನಂದೆ ಗೊತ್ತಾ? ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಸ್ವಾಮಿ ಅಂದೆ. ಯಾರಿಗೆ ಅಂದೆ ಅಂತ ಆಮೇಲೆ ಹೊಳೀತು. ಅಷ್ಟೊತ್ತಿಗೆ ಸ್ವಿಚ್ ಒತ್ತಿಯಾಗಿತ್ತು. ಸಣ್ಣ ಚಟ್ ಅಂತ ಶಬ್ದ, ಒಂದೆಳೆ ಹೊಗೆ. ತಿರುಗಿದೆ. ಎದ್ದು ನಿಂತಿದ್ರು, ಸ್ಲೇಟ್ ಎತ್ತಿ ಹಿಡಿದಿದ್ರು. "ಎರಡು ಪಿನ್ ಆಚೆ." ಅಷ್ಟೇ ಬರೆದಿದ್ರು. ನಾನು ಸ್ಲೇಟ್ ಕಿತ್ಕೊಂಡು ಈ ಬಟ್ಟೆಯಲ್ಲಿ ಒರೆಸಿದೆ. ಒರೆಸಿ ವಾಪಸ್ ಕೊಟ್ಟು, ಎಲ್ಲಿಟ್ಟಿದ್ರಿ ಇದನ್ನ, ತೇವ ಹೊಡೆದಿದೆ ಅಂದೆ. ಇಪ್ಪತ್ತಾರು ವರ್ಷ ಮಾಡ್ತಿದ್ದೀನಿ, ನಿಮಗಿಂತ ಚೆನ್ನಾಗಿ ಗೊತ್ತು ಅಂದೆ. ಅವರು ನನ್ನನ್ನೇ ನೋಡ್ತಾ ನಿಂತಿದ್ರು. ಆಮೇಲೆ ಕಪಾಟು ಅಂತ ಬರೆದ್ರು. ತಮ್ಮ ಕಣ್ಣನ್ನೇ ನಂಬದ ಹಾಗೆ ಮಾಡಿಬಿಟ್ಟೆ ಅವರನ್ನ.

ನಿಮಗೆ ಬರೆದು ತೋರಿಸ್ಲಿಲ್ವಾ? ...ತೋರಿಸಿದ್ರಾ? ನೀವು ನೆಪ ಹೇಳ್ತಾರೆ ಅಂದ್ಕೊಂಡು... ಅಯ್ಯೋ. ಚೀಟಿಯಲ್ಲಿ ಮೊಹರು ಹಾಕಿ ಬರೆದಿದ್ನಲ್ಲ ನಾನು, ನೀವು ಚೀಟಿ ನಂಬಿದ್ರಿ. ನಿಮ್ಮ ತಪ್ಪಲ್ಲ. ಕೇಳಿಸ್ತಾ? ಅದೂ ನಂದೇ.

ಇರಿ, ಏಳಬೇಡಿ. ಈ ಖಾನೆ ನೋಡಿ. ಇದು ಅದೇ ನಂಬರಿನ ಇನ್ನೊಂದು ಡಿಸ್ಕ್. ಸುಟ್ಟದ್ದು ಹೊರಗಿನ ಬೋರ್ಡ್ ಮಾತ್ರ ಅಮ್ಮಾ, ಒಳಗಿನ ತಟ್ಟೆಗಳಿಗೆ ಏನೂ ಆಗಿರಲಿಕ್ಕಿಲ್ಲ. ಇದರ ಬೋರ್ಡ್ ಬಿಚ್ಚಿ ಅದಕ್ಕೆ ಕೂರಿಸಿದ್ರೆ ಧ್ವನಿ ಸಿಗಬಹುದು. ಇದು ನಂಗೆ ಆವತ್ತೇ ಗೊತ್ತಿತ್ತು. ಹೇಳಿದ್ರೆ ಬೋರ್ಡ್ ಸುಟ್ಟದ್ದು ಯಾರು ಅಂತಾನೂ ಹೇಳಬೇಕಿತ್ತಲ್ಲ! ಒಳಗೊಳಗೇ ಕೊರೀತಿತ್ತು, ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದೆ. ಸಿಕ್ಕ ದಿನ ನಿಮ್ಮ ಬೀದಿಗೆ ಬಂದೆ. ಬಾಗಿಲ ಮುಂದೆ ರಾಶಿ ಚಪ್ಪಲಿ. ಯಾರನ್ನೂ ಕೇಳಲಿಲ್ಲ, ಕೇಳಬೇಕಾಗೂ ಇರಲಿಲ್ಲ. ತಿರುಗಿ ಬಂದು ಇದನ್ನ ಈ ಖಾನೆಗೆ ಹಾಕಿ ಬೀಗ ಹಾಕಿದೆ. ನೀವು ಬರದೇ ಇದ್ದಿದ್ರೆ ಬೀಗ ಹಾಗೇ ಇರ್ತಿತ್ತು. ಹೌದು, ಹಾಗೇ ಇರ್ತಿತ್ತು.

ಕೊಡಿ. ಡಿಸ್ಕ್ ನನ್ನ ಕೈಗೆ ಕೊಡಲ್ವಾ? ...ಇಡಿ, ಮೇಜಿನ ಮೇಲೇ ಇಡಿ. ಆರು ಸ್ಕ್ರೂ. ಇದು ಬಂತು... ಇದು ಕೂತ್ಕೊಂಡ್ತು. ಈಗ ಕೇಬಲ್. ಫೋನ್ ಆ ಕಡೆ ಇಟ್ಟಿದ್ದೀನಿ ನೋಡಿ. ಹತ್ತಿರ ಬನ್ನಿ ಅಮ್ಮಾ, ಸ್ಟೂಲ್ ಎಳ್ಕೊಳ್ಳಿ. ಈ ನಾಲ್ಕು ಬೇರೆ ಪಿನ್ ಬಿಟ್ಟು ಇನ್ನೊಂದೂ ಹೊರಗೆ ಕಾಣಬಾರದು. ಈ ತುದಿ ನೋಡಿ. ಆ ತುದಿ ನೋಡಿ. ಸರಿಯಿದೆ ಅಂತ ನಂಗನ್ನಿಸುತ್ತೆ... ಆವತ್ತೂ ಅನ್ನಿಸಿತ್ತು.

ಬೆರಳು ಸ್ವಿಚ್ ಮೇಲಿದೆ. ಒತ್ತಕ್ಕಾಗ್ತಿಲ್ಲ. ನೀವಾದ್ರೂ ಹೇಳಿ, ಸರಿಯಿದೆಯಾ? ಬೈಯಿರಿ ಬೇಕಾದ್ರೆ. ಬೀದಿಗೆ ಹೋಗಿ ಕೂಗಿ ಹೇಳಿ. ಹೀಗೆ ಸುಮ್ಮನೆ ಮಾತ್ರ ಕೂರಬೇಡಿ, ಅವರೇ ಕೂತಿರೋ ಹಾಗಿದೆ...

ಮಾತಾಡಕ್ಕೆ ಇಷ್ಟ ಇಲ್ದಿದ್ರೆ ಬೇಡ. ತಪ್ಪಿದ್ರೆ ತಟ್ಟಿ. ಮೇಜು ತಟ್ಟಿ ಅಮ್ಮಾ. ಈ ಸಲ ತಿರುಗಿ ನೋಡ್ತೀನಿ.