ಸಹಿಗೆ ಮುಂಚೆ ಉಕ್ಕಿದ ಹಾಲು

ಪರದೇಶದ ಸೊಲ್ಲೆಂಟುನಾ ನಿಲ್ದಾಣದ ಬೆಂಚಿನ ಮೇಲೆ ಜೆಸಿಂತಾ ಜಪಮಣಿ ಹಿಡಿದು ರೈಲಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಗಂಡ ಹೆಂಡತಿ ಇಬ್ಬರು ಬಂದು ಕೂತರು. ಕಿವಿಗೆ ಕನ್ನಡ ಬಿದ್ದದ್ದೇ ತಡ, ಮಣಿ ಬೆರಳಲ್ಲೇ ನಿಂತಿತು.

“ಮನೆ ನೋಡೋಕೆ ಬಂದವರು ನೋಡ್ಕೊಂಡು ಹೋಗ್ಬೇಕು, ಕೋಕಿಲಾ. ಹಾಲು ಉಕ್ಕಿಸ್ತಾರಾ?”

“ಮುಹೂರ್ತ ಇವತ್ತೇ ಕಣ್ರೀ ಇದ್ದಿದ್ದು. ನಾಳೆಯಿಂದ ಆಷಾಢ.”

“ಮನೆ ಅದಲುಬದಲಿಗೆ ಆ ಮನೆ ಅಜ್ಜಿ ಇನ್ನೂ ಸಹೀನೇ ಹಾಕಿಲ್ಲ! ಆಮೇಲೆ ಎರಡೂ ಊರಿನ ಬಾಡಿಗೆ ಮನೆ ಮಾಲೀಕರು ಒಪ್ಪಬೇಕು. ಕೂಸು ಹುಟ್ಟೋಕೆ ಮುಂಚೆ ಕುಲಾವಿ.”

“ಪೂರ್ವಕ್ಕೇ ಉಕ್ತು. ನೋಡಿದ್ರಾ?”

“ನಾನು ಅಜ್ಜಿ ಮುಖ ನೋಡ್ತಿದ್ದೆ. ಅವರ ಮಗಳು ನಾರ್‌ಶೋಪಿಂಗ್‌ನಲ್ಲಿದ್ದಾಳೆ ಅಂತ ಅಲ್ಲಿರೋ ನಮ್ಮ ಮನೆಗೆ ಬರೋಕೆ ಒಪ್ಪಿದ್ದೇ ಪುಣ್ಯ. ಇದು ತಪ್ಪಿದ್ರೆ ನಾನು ಹೀಗೇ ದಿನಾ ಅಲ್ಲಿಂದ ಇಲ್ಲಿಗೆ ಆಫೀಸಿಗೆ ಓಡಾಡ್ತಾ ಇರ್ಬೇಕು. ಮಗು ಆಗಲೇ ನನ್ನ ಅಂಕಲ್ ಅಂತಿದೆ.”

“ಒಲೆ ಒರೆಸಿಕೊಟ್ನಲ್ಲ!”

“ಅವರ ಕಸೂತಿ ಟವೆಲ್‌ನಲ್ಲಿ.”

ಅಷ್ಟರಲ್ಲಿ ಅವನ ಮೊಬೈಲ್ ರಿಂಗಾಯಿತು. ಅಜ್ಜಿಯೇ. ಅವನು ಎದ್ದು ನಿಂತು, ತಲೆ ಬಗ್ಗಿಸಿ, “ಯಾ, ಯಾ” ಎನ್ನತೊಡಗಿದ. ಜೆಸಿಂತಾ ಆ ಮಗುವಿನ ಹೆಸರಲ್ಲಿ ಮಾತೆ ಮರಿಯಳಿಗೆ ಒಂದು ಮಣಿ ಸಲ್ಲಿಸಿದಳು. ಅವನು ಮೊಬೈಲನ್ನು ಅಂಗೈಯಲ್ಲಿ ಮುಚ್ಚಿ ಹೆಂಡತಿಯತ್ತ ತಿರುಗಿದ.

“ಸಹಿ ಹಾಕ್ತಾರಂತೆ ಕಣೇ! ಭಾನುವಾರ ನಮ್ಮ ಮನೆ ನೋಡೋಕೆ ಬರ್ತಾರಂತೆ.”

“ಮತ್ತೆ ಯಾಕೆ ಮುಖ ಹಾಗೆ?”

“ಹಾಲು ಅವರೇ ತರ್ತಾರಂತೆ. ನಮ್ಮ ಒಲೆ ಮೇಲೆ ಎಷ್ಟು ಲೀಟರ್ ಚೆಲ್ಲಬೇಕು ಅಂತ ಕೇಳ್ತಿದ್ದಾರೆ.”

ರೈಲು ಬಂತು. ಕೋಕಿಲಾ ಸೆರಗು ಸಿಕ್ಕಿಸಿ ಹತ್ತಿದಳು.

“ಆಷಾಢ ಆದ್ರೂ ಇರ್ಲಿ, ಅರ್ಧ ಲೀಟರ್ ಸಾಕು ಅನ್ನಿ. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಚೆಲ್ಲಿಬಿಡಲಿ!”